ಉಪ್ಪುಗಾಳಿಯ ಊರಿಗೆ ಒಳ್ಳೆಯ ಚಾಕು, ಅದನ್ನು ಮಸೆಯುವ ಬಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಚಾಕು ಕೊಳ್ಳುವಾಗ ಮೊದಲು ತುಕ್ಕಿನ ಯೋಚನೆ ಮಾಡಬೇಕು. ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಅಲಗು ಬೇಗ ಹರಿತವಾಗುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ತೊಳೆದು ಹಸಿಯಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರಿಡುವ ರೂಢಿ ಇಲ್ಲದವರಿಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ. ದಿನದ ಕೆಲಸಕ್ಕೆ 15ರಿಂದ 20 ಸೆಂ.ಮೀ. ಅಲಗು ಸಾಕು. ಹಿಡಿಗೂ ಅಲಗಿಗೂ ನಡುವೆ ಸಂದು ಇರಬಾರದು. ಮೀನಿನ ನೀರು ಅಲ್ಲೇ ಕೂತು ನಾತ ಬರುತ್ತದೆ. ಇಸ್ವಾಣದಂಥ (ಸುರಮಾಯಿ) ದೊಡ್ಡ ಮೀನಿನ ತಲೆ ಕಡಿಯಲು ಬೆನ್ನು ದಪ್ಪಗಿರುವ ಬೇರೆ ಕತ್ತಿಯೇ ಬೇಕು. ತೆಳು ಚಾಕುವಿನಲ್ಲಿ ಕಡಿದರೆ ಅದರ ಬಾಯಿ ಹಲ್ಲುಹಲ್ಲಾಗುತ್ತದೆ.

ಮಸೆಯಲು ಒಂದು ಮುಖ 400, ಇನ್ನೊಂದು 1000 ಗ್ರಿಟ್ ಇರುವ ಕಲ್ಲು ಸಾಕು. ಗ್ರಿಟ್ ಎಂದರೆ ಕಲ್ಲಿನ ಒರಟಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಯ. ಬಾಯಿ ಮುರಿದಿದ್ದರೆ ಮಾತ್ರ 400, ಬರೀ ಮೊಂಡಾಗಿದ್ದರೆ ನೇರ 1000. ನೀರು ಹೀರುವ ಕಲ್ಲಾದರೆ ಗುಳ್ಳೆ ನಿಲ್ಲುವ ತನಕ ನೆನೆಸಿ, ಅಡಿಗೆ ಒದ್ದೆ ಬಟ್ಟೆ ಹಾಸಿ. ಅಲಗಿಗೆ ಹಲಸಿನ ಮೇಣ ಅಂಟಿದ್ದರೆ ಮೊದಲು ಎಣ್ಣೆ ಹಚ್ಚಿ ತೆಗೆಯಿರಿ, ಇಲ್ಲವಾದರೆ ಕಲ್ಲಿಗೇ ಮೆತ್ತಿಕೊಳ್ಳುತ್ತದೆ.

ಅಲಗು 4 ಸೆಂ.ಮೀ. ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ ಸುಮಾರು 1.2 ಸೆಂ.ಮೀ. ಎತ್ತಿ ಹಿಡಿಯಿರಿ, 17–18 ಡಿಗ್ರಿ ಆಗುತ್ತದೆ. ಅಳತೆ ಸರಿಯಿದೆಯೇ ಎಂದು ನೋಡಲು ಬಾಯಿಯುದ್ದಕ್ಕೂ ಮಾರ್ಕರ್ ಪೆನ್ನಿನಿಂದ ಗೀರಿ, ನಾಲ್ಕು ಸಲ ಉಜ್ಜಿ. ಮಸಿ ಬಾಯಿಯ ಅಂಚಿನಲ್ಲೇ ಉಳಿದರೆ ಬೆನ್ನು ತಗ್ಗಾಗಿದೆ. ಅಂಚಿನಲ್ಲಿ ಮಾತ್ರ ಹೋಗಿ ಮೇಲೆ ಉಳಿದರೆ ಎತ್ತರವಾಗಿದೆ.

ಇನ್ನು ಒಂದೇ ಮಗ್ಗುಲನ್ನು ಉಜ್ಜುತ್ತಾ ಹೋಗಿ. ಎಷ್ಟು ಸಲ ಎಂದು ಎಣಿಸಬೇಡಿ. ಆಚೆ ಮಗ್ಗುಲಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಹೊರಕ್ಕೆ ಮೆಲ್ಲಗೆ ಜಾರಿಸಿದರೆ ನವಿರಾದ ಲೋಹದ ಎಳೆ ತಡೆಯಬೇಕು. ಅದು ಹಿಡಿಯ ಹತ್ತಿರದ ಹಿಮ್ಮಡಿಯಿಂದ ಮೊನೆವರೆಗೂ ಸಿಗುವ ತನಕ ಮಗ್ಗುಲು ಬದಲಿಸುವ ಹಾಗಿಲ್ಲ. ಹೆಚ್ಚಿನವರ ಚಾಕು ಹರಿತವಾಗದಿರುವುದು ಈ ಎಳೆ ಬರುವ ಮೊದಲೇ ಕೈಬಿಡುವುದರಿಂದ. ಮೊನೆಯ ಹತ್ತಿರವಂತೂ ಯಾವಾಗಲೂ ತಡವಾಗಿ ಬರುತ್ತದೆ. ಇನ್ನೊಂದು ಮಗ್ಗುಲಿಗೂ ಹೀಗೇ ಮಾಡಿ. ಕೊನೆಗೆ ಚಾಕುವಿನ ಭಾರವಷ್ಟೇ ಬೀಳುವಂತೆ ಆಚೆಗೊಂದು ಈಚೆಗೊಂದು ಎಳೆದರೆ ಎಳೆ ಉದುರುತ್ತದೆ. ಉಳಿದಿದ್ದರೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆಯಿರಿ. ಮಾಗಿದ ಟೊಮೆಟೊ ಸಿಪ್ಪೆಯನ್ನು ಒತ್ತದೇ ಸೀಳಿದರೆ ಕೆಲಸ ಆಯಿತು.

ತಿರುಗುವ ಸಾಣೆಗೆ ಕೊಡುವುದಾದರೆ ನಿಂತು ನೋಡಿ. ಬಾಯಿ ನೀಲಿಗಟ್ಟಿತೆಂದರೆ ಕಾವಿಗೆ ಹದ ಕೆಟ್ಟಿತೆಂದೇ ಅರ್ಥ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಮನೆಯ ಮೆಟ್ಟುಗತ್ತಿಯನ್ನೂ (ಈಳಿಗೆಮಣೆ) ಅಲ್ಲಿಗೆ ಒಯ್ಯಬೇಡಿ. ಮಣೆಯನ್ನು ಅಲುಗದಂತೆ ಮೆಟ್ಟಿ ಹಿಡಿದು, ಸಣ್ಣ ಕಲ್ಲನ್ನೇ ಅಲಗಿಗೆ ತಂದು ಉಜ್ಜಿದರಾಯಿತು.