ಅಮೆರಿಕದ ಮೆಡಿಕೇಡ್ ಮತ್ತು ಕೇಸ್ ವರ್ಕರ್: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರಿಗೆ

ತಾಲ್ಲೂಕು ಕಚೇರಿಯ ಕೇಸ್ ವರ್ಕರ್ ಹತ್ತಿರ ಓಡಾಡಿದವರಿಗೆ ಅಮೆರಿಕದಲ್ಲಿ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಅರ್ಜಿ ನೋಡುವ ಕೇಸ್ ವರ್ಕರ್ ಅರ್ಧ ಪರಿಚಿತರೇ. ಕಡತ ಅವರ ಕೈಯಲ್ಲಿ; ಒಂದು ಕಾಗದ ಕಡಿಮೆಯಾದರೆ ಕೆಲಸ ನಿಂತಿತು. ಆದರೆ ಇಲ್ಲಿ ಎದುರು ಹೋಗಿ ನಿಂತ ಮಾತ್ರಕ್ಕೆ ಕಡತ ಮೇಲೆ ಬರುವುದಿಲ್ಲ, ಶಿಫಾರಸು ನಡೆಯುವುದಿಲ್ಲ. ಖುಷಿಗೆಂದು ಸ್ವೀಟ್ ಬಾಕ್ಸ್ ಕೊಟ್ಟರೆ ಅವರಿಗೇ ತೊಂದರೆ. ಇಲ್ಲಿ ನಡೆಯುವುದು ಕೇಸ್ ನಂಬರು, ತಾರೀಕು, ಬರೆದುಕೊಟ್ಟ ದಾಖಲೆ. ಆ ದಾಖಲೆಗಳಲ್ಲಿ ಎಷ್ಟೋ ಊರಲ್ಲೇ ಇರುತ್ತವೆ, ಅಪ್ಪ-ಅಮ್ಮ ವಿಮಾನ ಹತ್ತುವ ಮುಂಚೆಯೇ ಕೈಸೇರಬೇಕು.

ಮೊದಲು ಅರ್ಹತೆ. ಮೆಡಿಕೇಡ್ 1965ರಲ್ಲಿ ಶುರುವಾದ ಯೋಜನೆ. ಹಣ ಕೇಂದ್ರದ್ದೂ ರಾಜ್ಯದ್ದೂ, ನಡೆಸುವುದು ರಾಜ್ಯ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್ ಎಂದು ಹೆಸರೂ ಬೇರೆ, ನಿಯಮವೂ ಸ್ವಲ್ಪ ಬೇರೆ. ವಿಸಿಟರ್ ವೀಸಾದಲ್ಲಿ ಬಂದವರು ಇದನ್ನು ನೆಚ್ಚಿಕೊಳ್ಳಬಾರದು, ಪ್ರಯಾಣ ವಿಮೆ ಮಾಡಿಸಿಕೊಂಡೇ ಬರಬೇಕು. ಗ್ರೀನ್ ಕಾರ್ಡ್ ಇದ್ದರೂ 1996ರ ಕಾನೂನಿನಂತೆ ವಯಸ್ಕರಲ್ಲಿ ಹೆಚ್ಚಿನವರು ಐದು ವರ್ಷ ಕಾಯಬೇಕು. ಲೆಕ್ಕ ಶುರುವಾಗುವುದು ಕಾರ್ಡಿನ ಮೇಲೆ ‘ರೆಸಿಡೆಂಟ್ ಸಿನ್ಸ್’ ಎಂದಿರುವ ದಿನದಿಂದ. ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಹಲವು ರಾಜ್ಯಗಳಲ್ಲಿ ಈ ಕಾಯುವಿಕೆ ಇಲ್ಲ. ಐದು ವರ್ಷದೊಳಗೇ ಜೀವಕ್ಕೆ ಕುತ್ತು ಬರುವಂಥ ತುರ್ತು ಎದುರಾದರೆ, ಆದಾಯದ ಮಿತಿಯೊಳಗಿರುವವರಿಗೆ ಎಮರ್ಜೆನ್ಸಿ ಮೆಡಿಕೇಡ್ ಉಂಟು. ಆಸ್ಪತ್ರೆಯ ಸೋಶಿಯಲ್ ವರ್ಕರ್‌ನನ್ನು ಅದಕ್ಕೆಂದೇ ಕೇಳಿ.

ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್ (ಸರ್ಕಾರ ನಡೆಸುವ ಆರೋಗ್ಯ ವಿಮೆಯ ಮಾರುಕಟ್ಟೆ) ಪಾಲಿಸಿ ಕೊಳ್ಳಬಹುದು. ಬಂದಿಳಿದ 60 ದಿನದೊಳಗೆ ಸೇರಬೇಕು. ತಪ್ಪಿದರೆ ವರ್ಷದ ನೋಂದಣಿ ಕಾಲದವರೆಗೆ ಕಾಯಬೇಕಾಗುತ್ತದೆ. ಐದು ವರ್ಷ ಮುಗಿದ ಮೇಲೂ ಒಂದು ತೊಡಕುಂಟು. ಗ್ರೀನ್ ಕಾರ್ಡಿಗಾಗಿ ಮಗನೋ ಮಗಳೋ ‘ಇವರ ಖರ್ಚಿಗೆ ನಾನು ಹೊಣೆ’ ಎಂಬ ಐ-864 ಫಾರಂಗೆ ಸಹಿ ಹಾಕಿರುತ್ತಾರಲ್ಲ, ಅವರ ಆದಾಯವನ್ನೂ ತಂದೆ-ತಾಯಿಯ ಲೆಕ್ಕಕ್ಕೆ ಸೇರಿಸಬಹುದು. ಅರ್ಜಿ ಹಾಕುವ ಮೊದಲೇ ಇದನ್ನು ಕೇಸ್ ವರ್ಕರ್‌ಗೆ ನೇರವಾಗಿ ಕೇಳಿಬಿಡಿ.

ಇನ್ನು ಊರಿನ ಕಾಗದಗಳು. ನಮ್ಮ ಕಡೆಯವರ ಅರ್ಜಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ.

ಹೆಸರು: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದನ್ನೇ ಬಿಡಿಸಿ ಬರೆದ ಊರಿನ ಹೆಸರು. ಕಚೇರಿಯ ಕಂಪ್ಯೂಟರ್ ಸೋಶಿಯಲ್ ಸೆಕ್ಯುರಿಟಿ ಮತ್ತು ವಲಸೆ ದಾಖಲೆಗಳ ಜೊತೆ ತಾಳೆ ನೋಡುವಾಗ ಇವರು ಇಬ್ಬರು ಬೇರೆ ಬೇರೆ ಜನರಾಗಿ ಕಾಣುತ್ತಾರೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವಂತೆಯೇ ಅರ್ಜಿಯಲ್ಲಿ ಬರೆದು, ಗ್ರೀನ್ ಕಾರ್ಡು, ಪಾಸ್‌ಪೋರ್ಟಿನ ಪ್ರತಿ ಜೊತೆಗಿಡಿ. ಮಿಕ್ಕ ಅರ್ಹತೆ ಸರಿಯಿದ್ದು ವಲಸೆ ಸ್ಥಿತಿಯ ತಾಳೆ ಮಾತ್ರ ಬಾಕಿಯಿದ್ದರೆ ದಾಖಲೆ ಕೊಡಲು 90 ದಿನ ಅವಕಾಶವಿದೆ, ಆ ಅವಧಿಯಲ್ಲಿ ಸೌಲಭ್ಯ ತಡೆಹಿಡಿಯುವಂತಿಲ್ಲ. ತಾರೀಕು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ.

ಜಮೀನು: 65 ದಾಟಿದವರಿಗೆ ಹಲವು ರಾಜ್ಯಗಳಲ್ಲಿ ಆಸ್ತಿಯ ಮಿತಿ ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000. ವಾಸದ ಮನೆ, ಒಂದು ಕಾರು ಇದರಲ್ಲಿ ಸೇರುವುದಿಲ್ಲ. ಪಾವಗಡದ ಎರಡು ಎಕರೆ ಖುಷ್ಕಿ, ಚಿಂತಾಮಣಿಯ ಸೈಟು ಸೇರಬಹುದು. “ಅಲ್ಲಿದ್ದು ಇವರಿಗೇನು ಗೊತ್ತಾಗುತ್ತೆ” ಅನ್ನುವ ಸಲಹೆ ಕೊಡುವವರು ಎಲ್ಲ ಹಬ್ಬದ ಊಟದಲ್ಲೂ ಸಿಗುತ್ತಾರೆ. ಕೇಳಬೇಡಿ, ಅರ್ಜಿಯಲ್ಲಿ ಹಾಕುವ ಸಹಿ ಪ್ರಮಾಣ ಮಾಡಿದಂತೆ. ಜಮೀನು ಇನ್ನೂ ತಾತನ ಹೆಸರಲ್ಲಿದ್ದು, ಪೌತಿ ಖಾತೆಯಾಗಿಲ್ಲ, ಪೋಡಿಯಾಗಿಲ್ಲ ಎಂದರೆ ಅದನ್ನೇ ಹೇಳಿ. ಮಾರುವ ಹಕ್ಕು, ಅಧಿಕಾರ ಅರ್ಜಿದಾರರಿಗೆ ಇದೆಯೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಈಗಿನ ಪಹಣಿ, ನಾಡಕಚೇರಿಯಿಂದ ವಂಶವೃಕ್ಷ, ಎರಡರ ಇಂಗ್ಲಿಷ್ ಅನುವಾದ, ಅನುವಾದ ಸರಿಯಿದೆ ಎಂದು ಅನುವಾದಕರು ಸಹಿ ಮಾಡಿದ ಹೇಳಿಕೆ, ಇಷ್ಟು ಒಟ್ಟಿಗೆ ಕೊಡಿ. ಊರಿನ ಪಿಂಚಣಿ, ಎಫ್‌ಡಿ ಬಡ್ಡಿ, ಬಾಡಿಗೆಯನ್ನೂ ತೋರಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಆನ್‌ಲೈನ್‌ನಲ್ಲಿ ಸಿಗಬೇಕಾದರೆ ಒಟಿಪಿ ಬರುವ ಭಾರತದ ಸಿಮ್ ಚಾಲ್ತಿಯಲ್ಲಿರಲಿ.

ಮಾತಿಗೆ ದುಭಾಷಿ ಉಚಿತ. ಕೇಳುವುದು ನಿಮ್ಮ ಹಕ್ಕು. ‘ಕನ್ನಡ, ದಕ್ಷಿಣ ಭಾರತದ ಭಾಷೆ’ ಎಂದು ಹೇಳಿ, ಅಕ್ಷರ ಅಕ್ಷರವಾಗಿ ಬರೆಸಿ. ಇಲ್ಲದಿದ್ದರೆ ಹಿಂದಿಯವರನ್ನು ಲೈನಿಗೆ ತರುತ್ತಾರೆ. ಕನ್ನಡದವರು ಆ ಹೊತ್ತಿಗೆ ಸಿಗದಿದ್ದರೆ ಮುಳಬಾಗಿಲು, ಬಾಗೇಪಲ್ಲಿ ಕಡೆಯ ಹಿರಿಯರಿಗೆ ತೆಲುಗು ದುಭಾಷಿಯೂ ಆಗುತ್ತದೆ. ಮಕ್ಕಳೇ ಮಾತಾಡುವುದಾದರೆ ‘ಆಥರೈಸ್ಡ್ ರೆಪ್ರೆಸೆಂಟೇಟಿವ್’ ಫಾರಂಗೆ ಅಪ್ಪ-ಅಮ್ಮನ ಸಹಿ ಹಾಕಿಸಿ ಮೊದಲೇ ಕೊಟ್ಟಿರಿ. ಅದಿಲ್ಲದೆ ಕೇಸ್ ವರ್ಕರ್ ನಿಮಗೆ ಏನನ್ನೂ ಹೇಳುವಂತಿಲ್ಲ, ನೀವೇ ಅವರ ಖರ್ಚು ನೋಡಿಕೊಳ್ಳುವವರಾದರೂ ಸರಿ.

ಫೋನ್ ಮಾಡಿದಾಗಲೆಲ್ಲ ಮಾತಾಡಿದವರ ಹೆಸರು, ತಾರೀಕು, ಹೇಳಿದ್ದೇನು ಎಂದು ಬರೆದಿಟ್ಟುಕೊಳ್ಳಿ. ಅಪ್‌ಲೋಡ್ ಮಾಡಿದ್ದಕ್ಕೆ ರಸೀದಿಯ ಸ್ಕ್ರೀನ್‌ಶಾಟ್ ಇರಲಿ. ತೀರ್ಮಾನಕ್ಕೆ ಸಾಮಾನ್ಯವಾಗಿ 45 ದಿನ, ಅಂಗವೈಕಲ್ಯದ ಅರ್ಜಿಗೆ 90 ದಿನ ಗಡುವು. ದಾಟಿದರೆ ಗಡುವನ್ನೇ ಹೆಸರಿಸಿ ಲಿಖಿತವಾಗಿ ಕೇಳಿ, ಆಮೇಲೆ ಸೂಪರ್‌ವೈಸರ್‌ಗೆ.

ಸಿಕ್ಕ ಮೇಲೆ ಕಳೆದುಕೊಳ್ಳುವುದೇ ಸುಲಭ. 2023ರಿಂದ ದೇಶದಾದ್ಯಂತ ನಡೆದ ಮರುಪರಿಶೀಲನೆಯಲ್ಲಿ ಎರಡು ಕೋಟಿಗೂ ಹೆಚ್ಚು ಜನರ ಮೆಡಿಕೇಡ್ ಹೋಯಿತು, ಹೆಚ್ಚಿನವರದು ಕಾಗದಪತ್ರದ ಕಾರಣಕ್ಕೆ. ವಿಳಾಸ ಬದಲಾದರೆ ತಕ್ಷಣ ತಿಳಿಸಿ. ಅಪ್ಪ-ಅಮ್ಮ ರಾಗಿ ಕೊಯ್ಲಿಗೋ ಮದುವೆಗೋ ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಅದನ್ನೂ ತಿಳಿಸಿ; ಅಮೆರಿಕದ ಹೊರಗಿನ ಚಿಕಿತ್ಸೆಗೆ ಮೆಡಿಕೇಡ್ ದುಡ್ಡು ಕೊಡುವುದಿಲ್ಲ. ಅವರಿಲ್ಲದಾಗ ಅಂಚೆ ನೋಡುವವರು ಒಬ್ಬರಿರಲಿ.

ರದ್ದು ಮಾಡುತ್ತೇವೆಂಬ ನೋಟಿಸ್ ಸಾಮಾನ್ಯವಾಗಿ ಕನಿಷ್ಠ 10 ದಿನ ಮುಂಚೆ ಬರುತ್ತದೆ. ಅದರಲ್ಲಿರುವ ಜಾರಿ ದಿನಾಂಕಕ್ಕೆ ಮೊದಲೇ ‘ಫೇರ್ ಹಿಯರಿಂಗ್’ (ಆ ತೀರ್ಮಾನದ ವಿರುದ್ಧ ವಿಚಾರಣೆ) ಕೇಳಿದರೆ ತೀರ್ಪು ಬರುವವರೆಗೆ ಸೌಲಭ್ಯ ಮುಂದುವರಿಯುತ್ತದೆ, ಸೋತರೆ ಆ ಖರ್ಚನ್ನು ವಾಪಸ್ ಕೇಳುವ ಅಪಾಯವಿದೆ. ವಿಚಾರಣೆಗೂ ದುಭಾಷಿ ಉಚಿತ. ನೋಟಿಸಿನ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮೊಹರಿನ ತಾರೀಕು ಬೇಕಾಗುತ್ತದೆ. ವಕೀಲರ ಸಹಾಯಕ್ಕೆ ನಿಮ್ಮ ಕೌಂಟಿಯ ಲೀಗಲ್ ಏಡ್ ಕಚೇರಿಗೆ ಅದೇ ವಾರ ಫೋನ್ ಮಾಡಿ.