ರಾಕೆಟ್ ಚಿತ್ರದ ಹಿಂದಿನ ಎಂಜಿನ್ ಹುಡುಕುವುದು ಹೇಗೆ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನ ಗ್ಯಾರೇಜ್ ಇದೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಕೇಂದ್ರ ಎಂಸಿಎಫ್ ಇರುವುದೂ ಇದೇ ರಸ್ತೆಯಲ್ಲಿ. ಹಾಗಾಗಿ ನಮ್ಮ ಹುಡುಗರಿಗೆ ಉಪಗ್ರಹ, ರಾಕೆಟ್ ಅಂದರೆ ಮನೆ ಮಾತು. ಆದರೂ ಸಕಲೇಶಪುರದ ತೋಟದ ಮನೆಯೊಂದರಿಂದ ಬಂದ ಹಳೇ ಅಮೆರಿಕನ್ ಪತ್ರಿಕೆಗಳ ಕಟ್ಟು ಬಿಚ್ಚಿದ ದಿನ, ಕೆಲಸದ ಹುಡುಗ ಒಂದು ಪುಟ ಹಿಡಿದು ನಿಂತೇಬಿಟ್ಟ. ರಾಕೆಟ್ ಮೇಲೆ ಕೂತ ಗಂಡು ಹೆಣ್ಣು, ಪಕ್ಕದಲ್ಲಿ ಓಲ್ಡ್ಸ್‌ಮೊಬೈಲ್ ಕಾರು. "ಅಣ್ಣ, ಇದರೊಳಗೆ ನಿಜವಾಗ್ಲೂ ರಾಕೆಟ್ ಎಂಜಿನ್ ಇತ್ತಾ?"

ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಜಾಹೀರಾತು ನಿಮ್ಮ ಕೈಗೂ ಸಿಕ್ಕರೆ ಹೀಗೆ ಓದಿ.

ಮೊದಲು ಚಿತ್ರದ ಮೇಲೆ ಅಂಗೈ ಇಡಿ. ಸಣ್ಣ ಅಕ್ಷರ ಮಾತ್ರ ಓದಿ. ವಾಲ್ವ್ (ಗಾಳಿ-ಪೆಟ್ರೋಲ್ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು) ಎಲ್ಲಿವೆ, ಕಂಪ್ರೆಷನ್ (ಉರಿಸುವ ಮುಂಚೆ ಅದನ್ನು ಎಷ್ಟು ಪಟ್ಟು ಒತ್ತುತ್ತದೆ) ಎಷ್ಟು, ಎಂಜಿನ್ ಎಷ್ಟು ದೊಡ್ಡದು ಅನ್ನುವುದನ್ನು ಹುಡುಕಿ. 1949ರ ಓಲ್ಡ್ಸ್‌ಮೊಬೈಲ್ ರಾಕೆಟ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಅಂದರೆ 303 ಕ್ಯೂಬಿಕ್ ಇಂಚು. ಅದನ್ನು 16.4ರಿಂದ ಗುಣಿಸಿದರೆ ಸಿಸಿ ಸಿಗುತ್ತದೆ, ಸುಮಾರು 5 ಲೀಟರ್. ಕಂಪ್ರೆಷನ್ 7.25. ವಾಲ್ವ್‌ಗಳು ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ನೆತ್ತಿಯ ಮೇಲೆ; ಹಾಗಿದ್ದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಆ ವರ್ಷದ ಫೋರ್ಡ್ ವಿ8ನಲ್ಲಿ ವಾಲ್ವ್ ಇನ್ನೂ ಬ್ಲಾಕಿನ ಪಕ್ಕದಲ್ಲೇ ಇತ್ತು. ಹಾಗಾಗಿ ರಾಕೆಟ್ ಅನ್ನುವ ಹೆಸರು ಪೂರ್ತಿ ಸುಳ್ಳಲ್ಲ. ಕಾರು ನಿಜವಾಗಿಯೂ ಚುರುಕಾಗಿತ್ತು. ಆದರೆ ಕಂಪ್ರೆಷನ್ ಕಣ್ಣಿಗೆ ಕಾಣಲ್ಲ, ಅಲ್ವಾ? ಕಾಣದ್ದನ್ನು ಮಾರಲು ಕಾಣುವ ಒಂದು ಚಿತ್ರ ಬೇಕಿತ್ತು.

ಆಮೇಲೆ ಇಸವಿ ನೋಡಿ. ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ರಂದು. ಈ ಎಂಜಿನ್ ಅದಕ್ಕಿಂತ 8 ವರ್ಷ ಹಿಂದಿನದು. ಆಗ ಜನಕ್ಕೆ ಗೊತ್ತಿದ್ದ ದೊಡ್ಡ ರಾಕೆಟ್ ಅಂದರೆ ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಬಿಟ್ಟ ವಿ-2. ಸ್ಪುಟ್ನಿಕ್ ಆದ ಮೇಲೆ ಬಂದ ಹೆಸರುಗಳ ಧಾಟಿಯೇ ಬೇರೆ: ಗ್ಯಾಲಕ್ಸಿ, ಕಾಮೆಟ್, ಸ್ಯಾಟಲೈಟ್. ಇಸವಿ ನೋಡದೆ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಬೇಡಿ.

ಎಚ್‌ಪಿ ಅಂಕಿ ಕಂಡರೆ ಸ್ವಲ್ಪ ತಡೆಯಿರಿ. 1971ರವರೆಗೆ ಅಮೆರಿಕದವರು ಕೊಡುತ್ತಿದ್ದದ್ದು ಹೆಚ್ಚಾಗಿ ಗ್ರಾಸ್ ಎಚ್‌ಪಿ. ಕಾರಿನ ಸೈಲೆನ್ಸರ್, ಏರ್ ಫಿಲ್ಟರ್ ಇಲ್ಲದೆ ಎಂಜಿನ್ ಮಾತ್ರ ಸ್ಟ್ಯಾಂಡ್ ಮೇಲೆ ಇಟ್ಟು ಅಳೆದದ್ದು. ಇವತ್ತಿನ ಕಾರಿನ ಅಂಕಿಯ ಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1962ರ ಜೆಟ್‌ಫೈರ್. ಅದೂ ಓಲ್ಡ್ಸ್‌ಮೊಬೈಲೇ. 3.5 ಲೀಟರಿನ ಅಲ್ಯೂಮಿನಿಯಂ ವಿ8ಗೆ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಕೂರಿಸಿದ್ದರು. ಅದಕ್ಕೆ 'ಟರ್ಬೊ-ರಾಕೆಟ್ ಫ್ಲೂಯಿಡ್' ಅಂತ ಬೇರೆಯೇ ಒಂದು ದ್ರವ ತುಂಬಿಸಬೇಕಿತ್ತು. ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಒಳಗಿದ್ದದ್ದು ಡಿಸ್ಟಿಲ್ಡ್ ವಾಟರ್, ಮೆಥನಾಲ್, ತುಕ್ಕು ತಡೆಯಲು ಒಂದಿಷ್ಟು ಔಷಧಿ.

ಇಂಥ ಕಡೆ ಹೆಸರು ಬಿಟ್ಟು ಕೆಲಸ ಕೇಳಿ. ಶಿರಾಡಿ ಘಾಟಿ ಹತ್ತುವಾಗ ಹಳೇ ಪೆಟ್ರೋಲ್ ಗಾಡಿ ಟಕಟಕ ಅಂತ ನಾಕಿಂಗ್ ಹೊಡೆಯುವುದನ್ನು ಕೇಳಿದ್ದೀರಲ್ಲ? ಜೆಟ್‌ಫೈರ್‌ನ ಕಂಪ್ರೆಷನ್ 10.25, ಮೇಲಿಂದ ಟರ್ಬೊ ಒತ್ತಡ. ಒಳಗೆ ಬಿಸಿ ಜಾಸ್ತಿಯಾಗಿ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಉರಿಯುವ ಭಯ. ಆ ನೀರು ಮೆಥನಾಲ್ ಆವಿಯಾಗುತ್ತಾ ಬಿಸಿ ಹೀರಿಕೊಳ್ಳುತ್ತಿತ್ತು. ಯುದ್ಧವಿಮಾನಗಳ ಪಿಸ್ಟನ್ ಎಂಜಿನ್ನಿನಲ್ಲೂ ಇದೇ ಉಪಾಯ ಇತ್ತು. ವಿ-2 ರಾಕೆಟ್ಟಿಗೂ ಆಲ್ಕೋಹಾಲ್ ಮತ್ತು ನೀರನ್ನೇ ತುಂಬಿಸುತ್ತಿದ್ದರು, ಆದರೆ ಅಲ್ಲಿ ಅದು ಉರಿಯುವ ಇಂಧನ. ಇಲ್ಲಿ ತಂಪು ಮಾಡುವುದೇ ಮುಖ್ಯ ಕೆಲಸ. ಟ್ಯಾಂಕ್ ಖಾಲಿಯಾದರೆ ಟರ್ಬೊ ಒತ್ತಡ ತಾನೇ ಇಳಿಯುತ್ತಿತ್ತು. ಎಷ್ಟೋ ಜನ ತುಂಬಿಸಲು ಮರೆತರು, ಕೆಲವರು ಟರ್ಬೊ ತೆಗೆಸಿ ಸಾದಾ ಕಾರ್ಬುರೇಟರ್ ಹಾಕಿಸಿಕೊಂಡರು. 1963ರ ಮಾಡೆಲ್ಲಿಗೇ ಜೆಟ್‌ಫೈರ್ ಮುಗಿಯಿತು.

ಕೊನೆಗೆ, ಓದಿದ್ದನ್ನು ಕಣ್ಣಾರೆ ನೋಡಿ. ಅಮೆರಿಕದ ಕಾರೇ ಬೇಕಿಲ್ಲ. ನನ್ನ ಗ್ಯಾರೇಜಿಗೆ ಬಂದಿದ್ದ 1489 ಸಿಸಿ ಅಂಬಾಸಿಡರ್‌ನ ಟ್ಯಾಪೆಟ್ ಕವರ್ ಬಿಚ್ಚಿದೆ. ವಾಲ್ವ್ ಒತ್ತುವ, ಎಣ್ಣೆ ಮೆತ್ತಿದ ಎಂಟು ರಾಕರ್‌ಗಳು ಸಾಲಾಗಿ ಕಂಡವು. ಹುಡುಗನ ಕೈಲಿ ಫ್ಯಾನ್ ಬೆಲ್ಟ್ ಹಿಡಿದು ನಿಧಾನಕ್ಕೆ ತಿರುಗಿಸಲು ಹೇಳಿದೆ. ಪುಶ್ ರಾಡ್ ಮೇಲೆದ್ದು, ರಾಕರ್ ಬಾಗಿ, ವಾಲ್ವ್ ಕೆಳಗೆ ಹೋಯಿತು.

"ಇದೇನಾ ಅಣ್ಣ ಆ ರಾಕೆಟ್?"

"ಇದೇ ಜಾತಿ, ವಾಲ್ವ್ ಹೆಡ್ಡಿನಲ್ಲೇ. ಅದು ಎಂಟು ಸಿಲಿಂಡರ್, ಇದು ನಾಲ್ಕು." ಅವನು ಇನ್ನೊಂದು ಸುತ್ತು ತಿರುಗಿಸಿದ.