ಕ್ಯಾಮೆರಾ ಮುಂದೆ ನುಂಗುವುದನ್ನು ಕಲಿಸಿದ್ದು: ನನ್ನ ಅನುಭವ

ಆನ್‌ಲೈನ್‌ನಲ್ಲಿ ನುಂಗುವ ತರಬೇತಿ ಆಗುವ ಮಾತಲ್ಲ ಅಂತ ನನಗೆ ಹೇಳಿದವರೆಲ್ಲ ನಮ್ಮ ಕಸುಬಿನವರೇ, ಅಂದರೆ ನುಂಗುವ ತೊಂದರೆಗೆ ತರಬೇತಿ ಕೊಡುವ ಥೆರಪಿಸ್ಟರೇ. ಗಂಟಲು ಮುಟ್ಟಿ ನೋಡದೆ ಏನು ಗೊತ್ತಾಗುತ್ತೆ, ನೆತ್ತಿಗೆ ಹತ್ತಿದರೆ ಯಾರು ಜವಾಬ್ದಾರಿ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಸರಿಯಾದ ಉತ್ತರ ಸಿಗಲು ಮೂರು ವರ್ಷದ ಹತ್ತಿರ ಹಿಡಿಯಿತು. ಈಗ ತಲೆ-ಕತ್ತಿನ ಕ್ಯಾನ್ಸರ್‌ಗೆ ರೇಡಿಯೇಷನ್ ತೆಗೆದುಕೊಂಡು ನನ್ನ ಗುಂಪಿಗೆ ಬಂದವರಲ್ಲಿ ಹತ್ತಕ್ಕೆ ಏಳು ಮಂದಿಯಾದರೂ ವ್ಯಾಯಾಮ ಬಿಡದೆ ಮಾಡುತ್ತಾರೆ. ಹಾಳೆ ಕೊಟ್ಟು ಮನೆಗೆ ಕಳಿಸುತ್ತಿದ್ದ ಕಾಲದಲ್ಲಿ ಮೂವರು ಮಾಡಿದರೆ ಜಾಸ್ತಿ. ಇದು ಅಧ್ಯಯನ ಅಲ್ಲ, ನನ್ನ ನೋಟ್‌ಬುಕ್ಕಿನ ಅಂದಾಜು ಲೆಕ್ಕ.

ಮೆಂಡೆಲ್ಸನ್ (ಗಂಟಲಮಣಿಯನ್ನು ಮೇಲೆ ಹಿಡಿದಿಟ್ಟು ನುಂಗುವುದು), ಮಸಾಕೊ (ನಾಲಿಗೆಯ ತುದಿಯನ್ನು ಹಲ್ಲಲ್ಲಿ ಹಿಡಿದು ನುಂಗುವುದು), ಶೇಕರ್ (ಮಲಗಿ ತಲೆ ಮಾತ್ರ ಎತ್ತುವುದು), ಜೋರಾಗಿ ನುಂಗುವುದು ಎಲ್ಲ ನಮ್ಮ ಕಸುಬಿನಲ್ಲಿ ಗೊತ್ತಿರುವ ವ್ಯಾಯಾಮಗಳೇ. ತೊಂದರೆ ವ್ಯಾಯಾಮದ್ದಲ್ಲ, ಕಾಲದ್ದು. ರೇಡಿಯೇಷನ್‌ನ ಮೂರನೇ ನಾಲ್ಕನೇ ವಾರಕ್ಕೆ ಬಾಯೆಲ್ಲ ಹುಣ್ಣಾಗುತ್ತದೆ. ಎಂಜಲು ನುಂಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಟ್ಯೂಬ್‌ನಲ್ಲಿ ಹೊಟ್ಟೆ ತುಂಬುತ್ತಿದೆಯಲ್ಲ, ನುಂಗುವುದು ಆಮೇಲೆ ನೋಡೋಣ ಅಂತ ನಿಲ್ಲಿಸುತ್ತಾರೆ. ರೇಡಿಯೇಷನ್ ಮುಗಿದ ಮೇಲೂ ಒಂದೆರಡು ವಾರ ನೋವು ಏರುತ್ತಲೇ ಇರುತ್ತದೆ. ಹುಣ್ಣು ಮಾಗುವಷ್ಟರಲ್ಲಿ ಕೆಲಸವಿಲ್ಲದೆ ಕುಳಿತ ಸ್ನಾಯು ಸೊರಗಿರುತ್ತದೆ, ದವಡೆ ಬಿಗಿಯುತ್ತಿರುತ್ತದೆ. ಆ ಎಂಟು ಹತ್ತು ವಾರ ದಿನಾ ಒಂದಿಷ್ಟಾದರೂ ನುಂಗಿಸಬೇಕು. ಅವರು ಆಸ್ಪತ್ರೆಗೆ ಬರುವ ಸ್ಥಿತಿಯಲ್ಲೇ ಇರುವುದಿಲ್ಲ. ಹಾಗಾಗಿ ಫೋನ್.

ಮೊದಲು ಒಂದು ಆ್ಯಪ್ ಮಾಡಿಸಿದೆ. ಉಳಿತಾಯದ ದೊಡ್ಡ ಪಾಲು ಅದಕ್ಕೇ ಹೋಯಿತು. ಒಂದು ಬಟನ್ ಜಾಗ ಬದಲಿಸಬೇಕಾದರೂ ಮಾಡಿಕೊಟ್ಟವರು ಮತ್ತೆ ದುಡ್ಡು ಕೇಳುತ್ತಿದ್ದರು. ರೋಗಿಗಳು 'ಆಯಿತು' ಅಂತ ಒತ್ತುತ್ತಿದ್ದರು, ನುಂಗುತ್ತಿರಲಿಲ್ಲ. ದಿನಾ ನೆನಪು ಮಾಡುವ ಮೆಸೇಜ್ ಕೂಡ ನೋವಿನಲ್ಲಿದ್ದವರಿಗೆ ಬೈಗುಳದ ಹಾಗೆ ಕೇಳಿಸಿತು. ಆಮೇಲೆ ವಿಡಿಯೊ ರೆಕಾರ್ಡ್ ಮಾಡಿ ಕಳಿಸಿದೆ. ಖರ್ಚು ಕಮ್ಮಿ, ಆದರೆ ಎರಡನೇ ವಾರಕ್ಕೆ ಅದನ್ನು ತೆರೆಯುವವರೇ ಇರಲಿಲ್ಲ. ಇಪ್ಪತ್ತು ಮಂದಿಯ ದೊಡ್ಡ ಗುಂಪೂ ಮಾಡಿ ನೋಡಿದೆ. ತುಂಬಾ ಕಷ್ಟದಲ್ಲಿದ್ದವರು ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂತರು. ಚೆನ್ನಾಗಿದ್ದವರು ಮಾತಾಡಿದರು.

ಒಬ್ಬೊಬ್ಬರಿಗೆ ಬೇರೆಬೇರೆ ಕರೆ ಮಾಡಿದಾಗ ಕೆಲಸ ಆಯಿತು. ಆದರೆ ದಿನಾ ಅರ್ಧ ಗಂಟೆ ಅಂದರೆ ನಾನು ಐದಾರು ಜನಕ್ಕಿಂತ ಹೆಚ್ಚು ನೋಡಲಾರೆ. ಚಿಕಿತ್ಸೆಗೇ ಕೈ ಬರಿದು ಮಾಡಿಕೊಂಡವರಿಗೆ ಆ ಶುಲ್ಕ ಕೊಡಲೂ ಆಗದು.

ಕೊನೆಗೆ ನಿಂತದ್ದು ಇದು. ನಾಲ್ಕೇ ಜನ. ಜೊತೆಗೆ ಚಿಕಿತ್ಸೆ ಮುಗಿಸಿ ಒಂದು ವರ್ಷವಾದರೂ ಆದ ಒಬ್ಬ ಜೊತೆಗಾರ ಅಥವಾ ಜೊತೆಗಾರ್ತಿ. ವಾರಕ್ಕೆ ಐದು ದಿನ, ಒಂದೇ ಹೊತ್ತಿಗೆ, ಇಪ್ಪತ್ತು ನಿಮಿಷ. ಎಲ್ಲರೂ ಕ್ಯಾಮೆರಾ ಮುಂದೆ ನುಂಗಬೇಕು, ನಾನೂ ಸೇರಿ. ವೈದ್ಯರು ಕೊಟ್ಟ ನೋವಿನ ಔಷಧಿ ಕೆಲಸ ಶುರು ಮಾಡುವ ಹೊತ್ತಿಗೆ ಕರೆ ಬೀಳುವ ಹಾಗೆ ವೇಳೆ ಹೊಂದಿಸುತ್ತೇನೆ. ಇದೊಂದರಿಂದಲೇ ಹಾಜರಿ ಎಷ್ಟೋ ಏರಿತು.

ಜವಾಬ್ದಾರಿಯ ಪ್ರಶ್ನೆಗೆ ಬರುತ್ತೇನೆ. ರೇಡಿಯೇಷನ್ ಆದವರಲ್ಲಿ ನೀರು ಉಸಿರ್ನಾಳಕ್ಕೆ ಇಳಿದರೂ ಕೆಮ್ಮು ಬಾರದೇ ಇರಬಹುದು. ಅದು ಯಾವ ಕ್ಯಾಮೆರಾದಲ್ಲೂ ಕಾಣುವುದಿಲ್ಲ. ಆದ್ದರಿಂದ ಮೊದಲು ನೇರವಾಗಿ ಹೋಗಿ ಎಕ್ಸ್-ರೇ ವಿಡಿಯೊದಲ್ಲೋ ಎಂಡೋಸ್ಕೋಪಿಯಲ್ಲೋ ನುಂಗುವ ಪರೀಕ್ಷೆ ಮಾಡಿಸಿಕೊಂಡು ಬಂದವರನ್ನೇ ಸೇರಿಸುತ್ತೇನೆ. ಯಾವ ಹದ (ನೀರು ಎಷ್ಟು ತೆಳು, ಎಷ್ಟು ಗಟ್ಟಿ ಇರಬೇಕು), ಎಷ್ಟು ಗುಟುಕು, ಯಾವ ಉಪಾಯ ಅನ್ನುವುದು ಆ ಪರೀಕ್ಷೆಯಿಂದ ಬರಬೇಕು. ಕರೆಯ ಹೊತ್ತಿಗೆ ಮನೆಯವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಜ್ವರ, ಹೊಸ ಕಫ, ಏದುಸಿರು, ಒಂದೇ ಸಮ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತು ನುಂಗುವುದಿಲ್ಲ, ವೈದ್ಯರಿಗೆ ಫೋನ್. ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಗಂಟಲಮಣಿ ಏರುವುದು ಕಾಣಲಿ ಅಂತ ಅದರ ಮೇಲೆ ಬಿಳಿ ಟೇಪ್ ಅಂಟಿಸುವ ಪದ್ಧತಿ ಇದೆಯಲ್ಲ, ರೇಡಿಯೇಷನ್ ನಡೆಯುತ್ತಿರುವಾಗ ಅದು ಬೇಡ. ಚರ್ಮ ಕಿತ್ತು ಬರುತ್ತದೆ. ನಾನು ಟೇಬಲ್ ಲ್ಯಾಂಪನ್ನು ಕತ್ತಿನ ಪಕ್ಕಕ್ಕೆ ಇಡಿಸುತ್ತೇನೆ, ಕೋಣೆಯ ದೀಪ ಆರಿಸಲು ಹೇಳುತ್ತೇನೆ. ಗಂಟಲಮಣಿಯ ನೆರಳು ಮೇಲೆ ಹೋಗಿ ಕೆಳಗೆ ಬರುವುದು ಟೇಪ್‌ಗಿಂತ ಚೆನ್ನಾಗಿ ಕಾಣುತ್ತದೆ. ಹೆಂಗಸರಲ್ಲಿ ಸ್ವಲ್ಪ ಕಷ್ಟ. ಲ್ಯಾಂಪಿನ ಎತ್ತರದಲ್ಲಿ ಒಂದು ಲೆಕ್ಕ ಇದೆ, ಅದನ್ನು ನನ್ನ ಹತ್ತಿರ ಕಲಿಯಲು ಬರುವವರಿಗಷ್ಟೇ ಹೇಳುತ್ತೇನೆ.

ಒಬ್ಬ ಯಜಮಾನರು ಐದನೇ ವಾರದಲ್ಲಿದ್ದರು. ಪಕ್ಕದಲ್ಲಿ ಹೆಂಡತಿ, ಕೈಯಲ್ಲಿ ಟವೆಲ್. ಚಮಚ ನೀರು ಬಾಯಿಗೆ ಹಾಕಿಕೊಂಡು ಅರ್ಧ ನಿಮಿಷ ಹಾಗೇ ಕೂತರು. ನುಂಗಿದರು. ನೆರಳು ಅರ್ಧಕ್ಕೆ ಏರಿ ಇಳಿಯಿತು. "ಈಗ 'ಆ' ಅನ್ನಿ" ಅಂದೆ. ದನಿ ಗೊರಗೊರ ಅಂದಿತು, ಅಂದರೆ ಗಂಟಲಲ್ಲಿ ನೀರು ಉಳಿದಿದೆ. "ಕೆಮ್ಮಿ, ಇನ್ನೊಂದು ಸಲ ನುಂಗಿ." ಅವರು ಬೇಡ ಅಂತ ಕೈ ಆಡಿಸಿದರು. ಆಗ ಜೊತೆಗಾರ್ತಿ ಹೇಳಿದರು: "ಅಣ್ಣ, ನಂಗೂ ಐದನೇ ವಾರ ಹೀಗೇ ಆಗಿತ್ತು. ಉಸಿರು ಹಿಡಿದು ನುಂಗಿ, ನುಂಗಿದ ತಕ್ಷಣ ಕೆಮ್ಮಿ. ಇವತ್ತು ಮೂರು ಚಮಚ ಸಾಕು, ನಾನೂ ನಿಮ್ಮ ಜೊತೆ ಮೂರು ನುಂಗ್ತೀನಿ." ಪರೀಕ್ಷೆಯಲ್ಲಿ ಯಜಮಾನರಿಗೆ ಹೊಂದಿದ್ದ ಉಪಾಯವೂ ಅದೇ. ಕೆಮ್ಮಿ ನುಂಗಿದ ಮೇಲೆ ದನಿ ತಿಳಿಯಾಯಿತು. ಮೂರೂ ಚಮಚ ಮುಗಿಸಿದರು. ನಾನು ಎಷ್ಟು ಹೇಳಿದ್ದರೂ ಅವರು ಆ ಮೂರು ಚಮಚ ನುಂಗುತ್ತಿರಲಿಲ್ಲ.

ದನಿಯ ಬಗ್ಗೆ ಒಂದು ಮಾತು. ವಿಡಿಯೊ ಕರೆಯ ಸಾಫ್ಟ್‌ವೇರ್ ಹಿನ್ನೆಲೆ ಗದ್ದಲ ಅಂತ ಆ ಗೊರಗೊರವನ್ನೇ ಅಳಿಸಿಹಾಕುತ್ತದೆ. ನಮಗೆ ಬೇಕಾದದ್ದೇ ಅದು. ಸೆಟ್ಟಿಂಗ್‌ನಲ್ಲಿ ಗದ್ದಲ ತಗ್ಗಿಸುವುದನ್ನು ಆಫ್ ಮಾಡಿಸಿ. ಅದೂ ಸಾಲದು. ನುಂಗುವ ಮುಂಚೆ ಒಂದು 'ಆ', ನುಂಗಿದ ಮೇಲೆ ಒಂದು 'ಆ' ವಾಯ್ಸ್ ಮೆಸೇಜಿನಲ್ಲಿ ತರಿಸಿಕೊಂಡು ಹೆಡ್‌ಫೋನ್ ಹಾಕಿ ಕೇಳಿ. ಈ ಎರಡು ದನಿಗಳನ್ನು ಕಂಪ್ಯೂಟರ್‌ನಿಂದಲೇ ಬೇರೆ ಮಾಡಿಸಬಹುದೇ ಅಂತ ಒಂದು ಮಳೆಗಾಲ ಪೂರ್ತಿ ಕೂತೆ. ಒಣ ಬಾಯಿಯ ದನಿಯನ್ನೂ ಒದ್ದೆ ದನಿ ಅನ್ನುತ್ತಿತ್ತು. ಬಿಟ್ಟೆ. ಕಿವಿಯೇ ಮೇಲು.

ಹದ ಪರೀಕ್ಷಿಸುವ ಸಿರಿಂಜನ್ನು ಎಲ್ಲರಿಗೂ ನಾನೇ ಅಂಚೆಯಲ್ಲಿ ಕಳಿಸುತ್ತೇನೆ. ಇಡ್‌ಸಿ (IDDSI) ಅನ್ನುವುದು ಆಹಾರ-ಪಾನೀಯದ ಹದಕ್ಕೆ ಹಂತ ಗೊತ್ತು ಮಾಡಿರುವ ಅಂತಾರಾಷ್ಟ್ರೀಯ ಪದ್ಧತಿ. ಅದರ ಹರಿವಿನ ಪರೀಕ್ಷೆಯಲ್ಲಿ ಸಿರಿಂಜಿಗೆ 10 ಮಿಲಿ ತುಂಬಿ, 10 ಸೆಕೆಂಡ್ ಹರಿಯಬಿಟ್ಟು, ಉಳಿದದ್ದನ್ನು ನೋಡುತ್ತಾರೆ. ಅದಕ್ಕೆ 10 ಮಿಲಿ ಸಿರಿಂಜ್ ಅಂದರೆ ಸಾಲದು, ಸೊನ್ನೆಯಿಂದ 10ರ ಗೆರೆತನಕ 61.5 ಮಿ.ಮೀ. ಇರಬೇಕು. ಬೇರೆ ಅಳತೆಯದ್ದಾದರೆ 10 ಸೆಕೆಂಡಿನ ಲೆಕ್ಕವೇ ತಪ್ಪುತ್ತದೆ. ಉಳಿದದ್ದು 1ರಿಂದ 4 ಮಿಲಿ ಆದರೆ ಹಂತ 1 (ತುಸುವೇ ಗಟ್ಟಿ), 4ರಿಂದ 8 ಆದರೆ ಹಂತ 2 (ಇನ್ನೂ ಸ್ವಲ್ಪ ಗಟ್ಟಿ). ಮನೆಯವರು ಕ್ಯಾಮೆರಾ ಮುಂದೆ ಮಾಡಿ ತೋರಿಸುತ್ತಾರೆ, ಎರಡು ಸಲಕ್ಕೆ ಕೈ ಕೂರುತ್ತದೆ.

ತೆಳು ನೀರು ಬೇಗ ಜಾರಿ ಉಸಿರ್ನಾಳಕ್ಕೆ ಇಳಿಯುವವರಿಗೆ ನೀರಿಗೆ ಗಟ್ಟಿ ಮಾಡುವ ಪುಡಿ ಹಾಕುತ್ತಾರೆ. ಅದರಲ್ಲಿ ಪಿಷ್ಟದ್ದು ಅಗ್ಗ. ಆದರೆ ಇಟ್ಟಷ್ಟೂ ಗಟ್ಟಿಯಾಗುತ್ತದೆ, ಎಂಜಲು ತಾಗಿದರೆ ತೆಳುವಾಗುತ್ತದೆ. ಇನ್ನೂ ದೊಡ್ಡ ಅಪಾಯ ಮಲಬದ್ಧತೆಯ ಔಷಧಿಯದ್ದು. ಜೋರು ನೋವಿನ ಮಾತ್ರೆ ತಿನ್ನುವವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ಇರುವ ಪುಡಿ ಕೊಟ್ಟಿರುತ್ತಾರೆ. ಅದನ್ನು ಪಿಷ್ಟ ಹಾಕಿದ ನೀರಿಗೆ ಬೆರೆಸಿದರೆ ನೀರು ಮತ್ತೆ ತೆಳ್ಳಗಾಗುತ್ತದೆ. ನಾನು ಕ್ಸಾಂಥನ್ ಗಮ್ ಅನ್ನುವ ಅಂಟಿನ ಪುಡಿಯನ್ನೇ ಹೇಳುತ್ತೇನೆ, ದುಬಾರಿಯಾದರೂ ಸರಿ. ಮತ್ತೊಂದು, ರೇಡಿಯೇಷನ್ ಆದ ಎಲ್ಲರಿಗೂ ಗಟ್ಟಿ ಮಾಡಿಕೊಡುವ ಅಭ್ಯಾಸ ಬಿಡಬೇಕು. ಬಲ ಕಮ್ಮಿಯಾದ ಗಂಟಲಲ್ಲಿ ಗಟ್ಟಿಯಾದದ್ದು ಅಂಟಿ ಉಳಿಯುತ್ತದೆ, ಉಳಿದದ್ದು ಆಮೇಲೆ ಉಸಿರ್ನಾಳಕ್ಕೆ ಜಾರುತ್ತದೆ.

ದವಡೆಗೆ ವಾರಕ್ಕೊಂದು ಫೋಟೊ. ಹಲ್ಲುಗಳ ನಡುವೆ ಚಪ್ಪಟೆ ಮರದ ಕಡ್ಡಿಗಳ ಕಟ್ಟು, ಪಕ್ಕದಲ್ಲಿ ಸ್ಕೇಲ್. ಬಾಯಿ ತೆರೆಯುವ ಅಳತೆ 35 ಮಿ.ಮೀ.ಗೆ ಇಳಿಯುವ ಮುಂಚೆಯೇ ಹಿಡಿಯಬೇಕು. ಒಂದು ಕಡ್ಡಿ ಹೆಚ್ಚಾದ ದಿನ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ದುಬಾರಿ ದವಡೆ ಯಂತ್ರ ಬಾಡಿಗೆಗೆ ತಂದೂ ನೋಡಿದೆ. ಕಡ್ಡಿಯನ್ನೇ ದಿನಾ ಬಿಡದೆ ಮಾಡಿದವರು ಹಿಂದೆ ಬೀಳಲಿಲ್ಲ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಒಬ್ಬರಿಂದ ಒಂಟಿ ಕರೆಯ ಶುಲ್ಕದ ಕಾಲು ಭಾಗದಷ್ಟು ತೆಗೆದುಕೊಳ್ಳುತ್ತೇನೆ. ಬಂದದ್ದರಲ್ಲಿ ಐದನೇ ಒಂದು ಪಾಲು ಜೊತೆಗಾರರಿಗೆ. ಅವರನ್ನು ಪುಕ್ಕಟೆ ದುಡಿಸಬೇಡಿ. ಕೊಡದೇ ಇದ್ದಾಗ ತಿಂಗಳಲ್ಲೇ ಬರುವುದು ತಪ್ಪಿಸುತ್ತಿದ್ದರು, ಅವರಿಗೂ ಆಸ್ಪತ್ರೆಯ ಸಾಲ ಇರುತ್ತದೆ ಅಲ್ವಾ. ಮೂರು ಗುಂಪು ಒಟ್ಟಿಗೆ ನಡೆದರೆ ಖರ್ಚು ಸರಿಹೋಗುತ್ತದೆ, ನಾಲ್ಕನೆಯದರಿಂದ ಕೈಗೆ ಉಳಿಯುತ್ತದೆ. ಪ್ರತಿ ಗುಂಪಿನಲ್ಲೂ ಒಂದು ಜಾಗ ಕೊಡಲಾಗದವರಿಗೆ ಇಟ್ಟಿದ್ದೇನೆ. ಯಾರ ಜೊತೆ ಯಾರನ್ನು ಕೂರಿಸಬೇಕು ಅನ್ನುವುದರಲ್ಲೇ ಅರ್ಧ ಗೆಲುವು. ಆ ಗುಟ್ಟನ್ನೂ ಇಲ್ಲಿ ಬರೆಯುವುದಿಲ್ಲ.

ಆಗುವುದಿಲ್ಲ ಅಂದಿದ್ದವರಲ್ಲಿ ಇಬ್ಬರು ಈಗ ತಮ್ಮ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಈ ವಿಧಾನ ಕೈ ಕೊಡುವುದು ಚಿಕಿತ್ಸೆ ಮುಗಿದು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಳೆದ ಮೇಲೆ ಬರುವವರಲ್ಲಿ. ನಾಲಿಗೆಯ ನರವೇ ಸೋತಿರುತ್ತದೆ, ನುಂಗಿದಷ್ಟೂ ನೆತ್ತಿಗೆ ಹತ್ತುತ್ತದೆ. ಅವರನ್ನು ಗುಂಪಿಗೆ ಸೇರಿಸುವುದಿಲ್ಲ. ಬದಲಿಗೆ ಕೆಮ್ಮಿನ ಬಲ ಹೆಚ್ಚಿಸಲು ಉಸಿರು ಊದುವ ಸಾಧನ ಕೊಟ್ಟು ನೋಡುತ್ತಿದ್ದೇನೆ. ಒಂದು ಸರದಿಗೆ ಐದು ಊದು, ದಿನಕ್ಕೆ ಐದು ಸರದಿ, ವಾರಕ್ಕೆ ಐದು ದಿನ, ಐದು ವಾರ. ಮೊದಲ ಮೂವರಲ್ಲಿ ಇಬ್ಬರ ಕೆಮ್ಮು ಫೋನಿನಲ್ಲೇ ಗೊತ್ತಾಗುವಷ್ಟು ಜೋರಾಗಿದೆ. ಮೂರನೆಯವರು ಸಾಧನದ ಬಿಗಿ ಕಮ್ಮಿ ಮಾಡಿಕೊಂಡು ಮತ್ತೆ ಮೊದಲ ವಾರದಿಂದ ಶುರು ಮಾಡಿದ್ದಾರೆ.